ಕಾರಣವಿಲ್ಲದ ನಗು ಮೂರ್ಛೆಯಾಗಿರಬಹುದೇ?

ಸೇಡಂನ ತಾಯಿ: ಒಂದೂವರೆ ವರ್ಷದ ಮಗ ಆಡುತ್ತಾ ಇದ್ದಕ್ಕಿದ್ದಂತೆ ನಗುತ್ತಾನೆ. ಮುಖದಲ್ಲಿ ಸಂತೋಷವಿಲ್ಲ, ಕರೆದರೆ ತಿರುಗುವುದಿಲ್ಲ, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ದಿನಕ್ಕೆ ಹಲವು ಸಲ ಹೀಗಾಗುತ್ತದೆ. ಕೂಸುಗಳ ದೇವತೆ ಶೆಟಗೆವ್ವ ನಗಿಸುತ್ತಾಳೆ ಎನ್ನುತ್ತಾರೆ ಅತ್ತೆ. ನನಗೆ ಭಯ.

ಚಿತ್ತಾಪುರದ ಕಾಕಾ: ಹೆದರಬೇಡ ತಾಯಿ. ಕೈಕಾಲು ಸೆಟೆಯದೆ, ಬಾಯಲ್ಲಿ ನೊರೆ ಬಾರದೆ ಅದೆಂಥ ಮೂರ್ಛೆ?

ಮಕ್ಕಳ ವಾರ್ಡಿನ ನರ್ಸ್, ಕಲಬುರಗಿ: ಕಾಕಾ, ಈ ಮಾತನ್ನು ನಾನು ಒಪ್ಪಲಾರೆ. ಎಳೆಗೂಸು ನಿದ್ದೆಯಲ್ಲಿ ನಗುವುದು ಸಹಜ. ಎಚ್ಚರವಿರುವ ಮಗು ಪ್ರತಿ ಸಲವೂ ಒಂದೇ ಬಗೆಯಲ್ಲಿ ಸುಮ್ಮನೆ ನಕ್ಕರೆ ಜೆಲಾಸ್ಟಿಕ್, ಅಂದರೆ ನಗುವಿನ ರೂಪದಲ್ಲಿ ಬರುವ, ಮೂರ್ಛೆಯನ್ನು ಶಂಕಿಸಲೇಬೇಕು. ಮಿದುಳಿನ ಆಳದಲ್ಲಿ, ಹೈಪೋಥಾಲಮಸ್‌ನಲ್ಲಿ, ಹುಟ್ಟಿನಿಂದಲೇ ಇರುವ ಹಮಾರ್ಟೋಮ ಎಂಬ ಗಂಟು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಅದು ಕ್ಯಾನ್ಸರ್ ಅಲ್ಲ, ಆದರೆ ಮಾತ್ರೆಗೆ ಸುಲಭವಾಗಿ ಬಗ್ಗುವುದಿಲ್ಲ. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆಳದಲ್ಲಿರುವುದರಿಂದ ಮಿದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಇಇಜಿ ಪರೀಕ್ಷೆ ಸರಿಯಾಗಿಯೇ ಬರಬಹುದು. ಅಕ್ಕಾ, ಮಕ್ಕಳ ನರರೋಗ ತಜ್ಞರನ್ನು ಕಂಡು ಮಿದುಳಿನ ಎಂಆರ್‌ಐ ಸ್ಕ್ಯಾನ್ ಬಗ್ಗೆ ಕೇಳಿ.

ಆಳಂದದ ಶಿಕ್ಷಕ: ಕೆಲವು ಮಕ್ಕಳು ಬರೆಯುತ್ತಲೇ ಹತ್ತು ಸೆಕೆಂಡು ಶೂನ್ಯ ನೋಡುತ್ತಾ, ರೆಪ್ಪೆ ಪಟಪಟಿಸಿ, ಮತ್ತೆ ಬರೆಯುತ್ತಾರೆ. ಅದೂ ಆಬ್ಸೆನ್ಸ್ ಎಂಬ ಮೂರ್ಛೆಯಿರಬಹುದು. ಪಾಠದಲ್ಲಿ ಲಕ್ಷ್ಯವಿಲ್ಲವೆಂದು ಅಂಥ ಮಕ್ಕಳು ಏಟು ತಿನ್ನುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಬೀದರ್‌ನ ತಂದೆ: ಮುಖ ನೋಡಿ ರೋಗ ಹೇಳುವುದು ಅಪಾಯ. ನನ್ನ ಮಗಳು ರಾತ್ರಿ ಹೆದರಿದ ಮುಖದಿಂದ ಚೀರುತ್ತಿದ್ದಳು. ಮೂರ್ಛೆಯೆಂದು ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು. ನಿದ್ದೆಯ ದಿಗಿಲು ಅಷ್ಟೇ ಎಂದು ಆಮೇಲೆ ಹೈದರಾಬಾದಿನಲ್ಲಿ ತಿಳಿಯಿತು.

ನರ್ಸ್: ಅಣ್ಣಾ, ಅದಕ್ಕಾಗಿಯೇ ಮಗುವಿಗೆ ಹಾಗಾಗುವಾಗಿನ ವಿಡಿಯೊ ಬೇಕೆನ್ನುವುದು. ನಿದ್ದೆಯ ದಿಗಿಲು ಸಾಮಾನ್ಯವಾಗಿ ರಾತ್ರಿಯ ಮೊದಲ ಭಾಗದಲ್ಲಿ ಒಮ್ಮೆ ಬಂದು ಕೆಲವು ನಿಮಿಷ ಇರುತ್ತದೆ. ಮಿದುಳಿನ ಮುಂಭಾಗದ ಮೂರ್ಛೆ ಚುಟುಕಾಗಿ, ಒಂದೇ ರಾತ್ರಿ ಹಲವು ಸಲ, ಪ್ರತಿ ಸಲವೂ ಒಂದೇ ರೀತಿ ಬರಬಹುದು. ಅದರಲ್ಲಿ ಕೆಲವರ ತುಟಿಯ ಎರಡೂ ಅಂಚು ಕೆಳಕ್ಕೆ ಇಳಿಯುತ್ತವೆ. ರೋಲಾಂಡಿಕ್ ಎಂಬ ಇನ್ನೊಂದು ಬಗೆಯ ಮಕ್ಕಳ ಮೂರ್ಛೆಯಲ್ಲಾದರೆ ಬಾಯಿಯ ಒಂದು ಬದಿ ಅದುರಿ, ಜೊಲ್ಲು ಸುರಿದು, ಮಾತು ನಿಲ್ಲುತ್ತದೆ. ಹೆಚ್ಚಿನ ಮಕ್ಕಳಲ್ಲಿ ಹದಿಹರೆಯ ಮುಗಿಯುವುದರೊಳಗೆ ಅದು ತಾನಾಗಿ ನಿಲ್ಲುತ್ತದೆ. ಇಷ್ಟು ವ್ಯತ್ಯಾಸವನ್ನು ಬಾಯಿಮಾತಿನಲ್ಲಿ ವೈದ್ಯರಿಗೆ ಹೇಗೆ ದಾಟಿಸುತ್ತೀರಿ?

ಕಾಕಾ: ಒದ್ದಾಡುವ ಕೂಸಿನ ಮುಂದೆ ಮೊಬೈಲ್ ಹಿಡಿಯುವುದೇ? ಮನಸ್ಸಾದರೂ ಹೇಗೆ ಬರುತ್ತದೆ?

ನರ್ಸ್: ಮೊದಲು ಪಕ್ಕಕ್ಕೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಕಬ್ಬಿಣ, ಈರುಳ್ಳಿ ಯಾವುದೂ ಬೇಡ. ಇನ್ನೊಬ್ಬರು ಮುಖ ಮತ್ತು ಕೈಕಾಲು ಕಾಣುವಂತೆ ಚಿತ್ರೀಕರಿಸಲಿ. 5 ನಿಮಿಷ ದಾಟಿದರೆ ವಿಡಿಯೊ ಬಿಟ್ಟು ಆಸ್ಪತ್ರೆಗೆ ಓಡಿ.

ಸೇಡಂನ ತಾಯಿ: ಕಾಕಾ, ವಿಡಿಯೊ ವೈದ್ಯರಿಗೆ ಮಾತ್ರ ತೋರಿಸುತ್ತೇನೆ, ಯಾರ ವಾಟ್ಸ್‌ಆ್ಯಪ್‌ಗೂ ಹೋಗುವುದಿಲ್ಲ. ತಂಗಿ, ಎಂಆರ್‌ಐಗೆ ಇಷ್ಟು ಸಣ್ಣವನು ಅಲುಗಾಡದೆ ಮಲಗುತ್ತಾನೆಯೇ?

ನರ್ಸ್: ನಿದ್ದೆಗೆ ಔಷಧ ಕೊಡುತ್ತಾರೆ ಅಕ್ಕಾ. ಹೊಟ್ಟೆ ಖಾಲಿ ಇರಬೇಕು; ಎಷ್ಟು ಗಂಟೆ ಮೊದಲೇ ಹಾಲು ನಿಲ್ಲಿಸಬೇಕೆಂದು ಹಿಂದಿನ ದಿನವೇ ಕೇಳಿಕೊಳ್ಳಿ.