ಟಿವಿಯ ‘ತಡ’ಕ್ಕೆ ಎಷ್ಟು ಪದ ಬೇಕು?

ಗೆಳೆಯರೆ, ನಮಸ್ಕಾರ.

ಗೇಮ್ ಆಡಲು 4ಕೆ ಟಿವಿ ಹೇಗೆ ಆರಿಸಬೇಕು ಅಂತ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ನಮ್ಮ ಬಾಗಲಕೋಟೆ ನವನಗರದ ಕಾಲೇಜು ಹುಡುಗ ಹುಡುಗಿಯರಿಗಾಗಿ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇಟ್ಟುಕೊಂಡವರು ಈಗ ಇಲ್ಲೂ ಇದ್ದಾರೆ. ಹಣ ಕೂಡಿಸಿ ಟಿವಿ ತಗೊಳ್ಳುತ್ತಾರೆ. ಏನು ನೋಡಿ ತಗೊಳ್ಳಬೇಕು ಅನ್ನೋದನ್ನು ಇಂಗ್ಲಿಷ್ ವಿಡಿಯೋಗಳಿಂದ ಅರ್ಧಂಬರ್ಧ ಕಲಿಯುತ್ತಾರೆ. ಬರೆಯಲು ವಿಷಯ ಬೇಕಾದಷ್ಟಿದೆ. ಪದಗಳ ಹತ್ತಿರ ಬಂದಾಗ ಕೈ ನಿಲ್ಲುತ್ತದೆ. ಎಲ್ಲಕ್ಕಿಂತ ಜಾಸ್ತಿ ಕಾಡಿದ ಪದ ‘ತಡ’.

ಇಲ್ಲಿನ ಹುಡುಗರದು ಒಂದೇ ಮಾತು. “ಕಾಕಾ, ಲ್ಯಾಗ್ ಹೊಡಿತೈತ್ರಿ.” ಗುಂಡಿ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಆಟಗಾರ ಜಿಗಿದರೆ ಅದು ಲ್ಯಾಗ್. ಓಡುವ ಕಾರಿನ ಹಿಂದೆ ಮಸುಕು ಬಂದರೂ ಲ್ಯಾಗ್. ಆಟ ನಡುನಡುವೆ ಮುಗ್ಗರಿಸಿದರೂ ಲ್ಯಾಗ್. ನೆಟ್ ಕೈಕೊಟ್ಟು ಎದುರಾಳಿ ನಿಂತಲ್ಲೇ ನಿಂತರೂ ಲ್ಯಾಗ್. ಕನ್ನಡದಲ್ಲಿ ಬರೆಯುವವರು ಇದಕ್ಕೆಲ್ಲ ‘ವಿಳಂಬ’ ಅಂತ ಒಂದೇ ಪದ ಹಾಕಿ ಮುಂದೆ ಹೋಗುತ್ತಾರೆ. ಆದರೆ ನಾಲ್ಕೂ ಬೇರೆ. ಮೊದಲ ಎರಡರಲ್ಲಿ ಟಿವಿಯ ಪಾಲು ದೊಡ್ಡದು. ಮೂರನೆಯದು ಬಹುಪಾಲು ಕನ್ಸೋಲಿನಿಂದ (ಪ್ಲೇಸ್ಟೇಷನ್‌ನಂಥ ಆಟದ ಪೆಟ್ಟಿಗೆಯಿಂದ) ಇಲ್ಲವೇ ಆಟದಿಂದಲೇ. ನಾಲ್ಕನೆಯದು ಇಂಟರ್ನೆಟ್ಟಿನಿಂದ. ನೆಟ್ ಸರಿಯಿಲ್ಲ ಅಂತ ಟಿವಿ ಬದಲಿಸಿದರೆ ದುಡ್ಡು ಹೋಗುತ್ತದೆ, ಲ್ಯಾಗ್ ಹೋಗುವುದಿಲ್ಲ. ಹಾಗಾಗಿ ನಾಲ್ಕಕ್ಕೂ ಬೇರೆ ಪದ ಬೇಕೇ ಬೇಕು ಅನ್ನೋದು ನನ್ನ ವಾದ.

ಮೊದಲನೆಯದು, ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಕಾಣುವುದಕ್ಕೂ ನಡುವಿನ ಹೊತ್ತಿನಲ್ಲಿ ಟಿವಿಯ ಪಾಲು. ಟಿವಿ ತನಗೆ ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ. ಬಣ್ಣ ತಿದ್ದುತ್ತದೆ, ಅಂಚು ಚೂಪು ಮಾಡುತ್ತದೆ. ಓಟ ನುಣುಪಾಗಿ ಕಾಣಲಿ ಅಂತ ಎರಡು ಚಿತ್ರಗಳ ನಡುವೆ ತಾನೇ ಒಂದು ಚಿತ್ರ ಕಟ್ಟಿ ಸೇರಿಸುತ್ತದೆ. ಹಾಗೆ ಸೇರಿಸಬೇಕಾದರೆ ಮುಂದಿನ ಚಿತ್ರ ಏನು ಅಂತ ಗೊತ್ತಿರಬೇಕಲ್ವಾ? ಅದು ಬರುವ ತನಕ ಈಗಿನದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೆಕೆಂಡಿಗೆ 60 ಚಿತ್ರ ಬರುವ ಆಟದಲ್ಲಿ ಒಂದೊಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡು. ಹೀಗೆ ಹಲವು ತಿದ್ದುವಿಕೆ ಸೇರಿ, ಕೆಲವು ಟಿವಿಗಳಲ್ಲಿ 100 ಮಿಲಿಸೆಕೆಂಡು ದಾಟುವುದೂ ಉಂಟು. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅವರು ಏನೂ ಒತ್ತುತ್ತಿಲ್ಲ. ಗೇಮ್ ಮೋಡ್ ಹಾಕಿದರೆ ಟಿವಿ ಈ ಕೆಲಸಗಳನ್ನು ಬಹುಪಾಲು ಬಿಟ್ಟುಬಿಡುತ್ತದೆ. ಆಗ ಒಳ್ಳೆಯ ಟಿವಿಗಳಲ್ಲಿ ಈ ಹೊತ್ತು 10ರಿಂದ 20 ಮಿಲಿಸೆಕೆಂಡಿಗೆ ಇಳಿಯುತ್ತದೆ, ಕೆಲವದರಲ್ಲಿ ಇನ್ನೂ ಕಡಿಮೆ. ಕನ್ಸೋಲ್ ಹಚ್ಚಿದ ಕೂಡಲೇ ಟಿವಿ ತಾನೇ ಗೇಮ್ ಮೋಡಿಗೆ ಹೋಗುವ ಏರ್ಪಾಡೂ ಇದೆ. ಅದನ್ನು ಎಎಲ್‌ಎಲ್‌ಎಂ ಅನ್ನುತ್ತಾರೆ.

ಇದಕ್ಕೆ ಇಂಗ್ಲಿಷಿನಲ್ಲಿ ಇನ್‌ಪುಟ್ ಲೇಟೆನ್ಸಿ ಅನ್ನುತ್ತಾರೆ, ಒಂದು ಕಡೆ ‘ಇನ್‌ಪುಟ್ ಸುಪ್ತತೆ’ ಅಂತ ಓದಿದೆ. ಸುಪ್ತ ಅಂದರೆ ಮಲಗಿರುವುದು, ಒಳಗೆ ಅಡಗಿರುವುದು. ಶಾಲೆಯ ವಿಜ್ಞಾನ ಪುಸ್ತಕದ ‘ಗುಪ್ತೋಷ್ಣ’ದಲ್ಲಿ ಅಡಗಿರುವ ಅರ್ಥ ಸರಿ ಹೊಂದುತ್ತದೆ, ಅಲ್ಲಿ ಶಾಖ ನಿಜಕ್ಕೂ ಅಡಗಿದೆ. ಇಲ್ಲಿ ಏನೂ ಅಡಗಿಲ್ಲ, ಹೊತ್ತು ಹಿಡಿಯುತ್ತಿದೆ ಅಷ್ಟೇ. ನನಗೆ ಹೊಳೆದದ್ದು ‘ಕೈತಡ’. ಕೈಬರಹ, ಕೈಚಳಕ, ಕೈಗುಣ ಇದ್ದ ಹಾಗೆ. ಕೈ ಒತ್ತಿತು, ಕಣ್ಣಿಗೆ ತಡವಾಗಿ ಕಂಡಿತು. ಕೇಳಿದವರು ‘ಕೈಯೇ ತಡ ಮಾಡುತ್ತದೆ’ ಅಂದುಕೊಳ್ಳಬಹುದು ಅನ್ನೋ ಅಳುಕು ಒಂದಿದೆ. ಆಟಗಾರ ನಿಧಾನ ಅಂತ ಅರ್ಥ ಆಗಿಬಿಟ್ಟರೆ ಪೂರಾ ತಿರುಗುಮುರುಗು. ‘ಒತ್ತುತಡ’ ಅಂದರೆ ಆ ತೊಂದರೆ ಇಲ್ಲ, ಆದರೆ ನಾಲಿಗೆಗೆ ಸುಲಭವಾಗಿ ಬರುವುದಿಲ್ಲ. ಇದರಲ್ಲಿ ನಿಮ್ಮ ಕಿವಿ ಏನು ಹೇಳುತ್ತದೆ?

ಎರಡನೆಯದು ಪರದೆಯ ಚುಕ್ಕಿ (ಪಿಕ್ಸೆಲ್) ಬಣ್ಣ ಬದಲಿಸಲು ಹಿಡಿಯುವ ಹೊತ್ತು. ಕೈತಡಕ್ಕೂ ಇದಕ್ಕೂ ಸಂಬಂಧ ಇಲ್ಲ, ಎರಡನ್ನೂ ಮಿಲಿಸೆಕೆಂಡಿನಲ್ಲೇ ಅಳೆಯುತ್ತಾರೆ ಅನ್ನೋದನ್ನು ಬಿಟ್ಟರೆ. ಗೊಂದಲ ಹುಟ್ಟುವುದೇ ಅಲ್ಲಿ. ಡಬ್ಬಿಯ ಮೇಲೆ ‘1 ಮಿಲಿಸೆಕೆಂಡು’ ಅಂತ ಇರುತ್ತದೆ. ಯಾವುದು ಒಂದು ಮಿಲಿಸೆಕೆಂಡು? ಸಾಮಾನ್ಯವಾಗಿ ಈ ಚುಕ್ಕಿಯ ಹೊತ್ತು. ಓದಿದವರು ಗುಂಡಿಯ ಹೊತ್ತು ಅಂದುಕೊಳ್ಳುತ್ತಾರೆ. ಚುಕ್ಕಿ ನಿಧಾನವಾದರೆ ಓಡುವ ವಸ್ತುವಿನ ಹಿಂದೆ ಅದರದೇ ಮಸುಕು ಎಳೆದುಕೊಂಡು ಬರುತ್ತದೆ. ಎಲ್‌ಸಿಡಿ ಪರದೆಗಳಲ್ಲಿ ಇದು ಇದ್ದದ್ದೇ. ಅದರಲ್ಲೂ ವಿಎ ಬಗೆಯ ಪರದೆಯಲ್ಲಿ, ಕತ್ತಲೆಯ ದೃಶ್ಯದಲ್ಲಿ, ಎದ್ದು ಕಾಣುತ್ತದೆ. ಕ್ಯೂಎಲ್‌ಇಡಿ ಅಂತ ಮಾರುವುದೂ ಒಳಗೆ ಎಲ್‌ಸಿಡಿಯೇ. ಓಲೆಡ್‌ನಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ಆದ್ದರಿಂದ ಈ ಮಸುಕು ಇಲ್ಲವೇ ಇಲ್ಲ ಅನ್ನಬಹುದು.

ಇಂಗ್ಲಿಷಿನಲ್ಲಿ ಇದಕ್ಕೆ ಘೋಸ್ಟಿಂಗ್ ಅನ್ನುತ್ತಾರೆ. ಯಂತ್ರದ ಅನುವಾದ ಇದನ್ನು ದೆವ್ವ ಮಾಡಿಬಿಡುತ್ತದೆ. ಆದರೆ ನಮ್ಮಲ್ಲಿ ಬೇರೊಂದು ಪದ ಮೊದಲಿಂದಲೂ ಇತ್ತು. ಮಾಳಿಗೆಯ ಮೇಲೆ ಆಂಟೆನಾ ಇದ್ದ ಕಾಲದಲ್ಲಿ ಒಂದು ಚಿತ್ರದ ಪಕ್ಕ ಅದೇ ಚಿತ್ರ ಮಸುಕಾಗಿ ಇನ್ನೊಮ್ಮೆ ಕಾಣುತ್ತಿತ್ತು. ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ಬಂದ ತರಂಗ ಸ್ವಲ್ಪ ತಡವಾಗಿ ಆಂಟೆನಾ ಮುಟ್ಟುತ್ತಿತ್ತು, ಅದಕ್ಕೆ. “ನೆರಳ ಬೀಳಾಕತ್ತೈತಿ, ಆಂಟೆನಾ ತಿರುವ್ರಿ” ಅನ್ನುತ್ತಿದ್ದರು. ಆ ‘ನೆರಳು’ ಮತ್ತೆ ಬಳಸೋಣ ಅನ್ನಿಸಿತು. ಆದರೆ ಒಂದು ತೊಡಕು. ಎಚ್‌ಡಿಆರ್ (ತೀರಾ ಕತ್ತಲೆ, ತೀರಾ ಬೆಳಕು ಎರಡನ್ನೂ ಚೆನ್ನಾಗಿ ತೋರಿಸುವ ಬಗೆ) ಬಗ್ಗೆ ಬರೆಯುವಾಗ ಕತ್ತಲೆಯ ಭಾಗ, ನೆರಳಿನ ಭಾಗ ಎಷ್ಟು ಬಿಡಿಸಿ ಕಾಣುತ್ತದೆ ಅಂತ ಹೇಳಬೇಕಾಗುತ್ತದೆ. ಅಲ್ಲಿ ನೆರಳು ಒಳ್ಳೆಯದು, ಇಲ್ಲಿ ಕೆಟ್ಟದ್ದು. ಹಾಗಾಗಿ ‘ಬಾಲ’ ಅಂತ ಇಟ್ಟುಕೊಂಡಿದ್ದೇನೆ. “ಈ ಟಿವಿಯಲ್ಲಿ ಕಾರಿಗೆ ಬಾಲ ಬರುತ್ತದೆ” ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೂ ತಿಳಿಯುತ್ತದೆ.

ಮೂರನೆಯದು, ಆಟ ಮುಗ್ಗರಿಸುವುದು. ಆಟದ ದೃಶ್ಯ ಭಾರವಾದಾಗ ಕನ್ಸೋಲ್ ಹೊತ್ತಿಗೆ ಸರಿಯಾಗಿ ಚಿತ್ರ ಕೊಡಲಾರದು. ನಮ್ಮ ಕಡೆ ಇದಕ್ಕೆ ‘ಅಟಕತೈತಿ’ ಅನ್ನುತ್ತಾರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಇದು ನಡೆಯುತ್ತದೆ. ಮೈಸೂರು, ಮಂಗಳೂರಿನವರಿಗೆ ‘ಅಟಕು’ ಹತ್ತಿರದ ಪದವೇ? ಇಲ್ಲದಿದ್ದರೆ ‘ತಡವರಿಸು’ ಇದೆ. ಮಾತು ತಡವರಿಸುತ್ತದೆ, ಹಾಗೇ ಆಟವೂ ತಡವರಿಸುತ್ತದೆ. ಅರ್ಥ ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ. ಆದರೆ ಅದರಲ್ಲೂ ‘ತಡ’ ಕೇಳಿಸುತ್ತದೆ, ಬಿಡಿಸಬೇಕಾದ ಗಂಟು ಮತ್ತೆ ಬಿಗಿಯಾಗುತ್ತದೆ. ನನ್ನ ಮನಸ್ಸು ‘ಅಟಕು’ ಕಡೆಗೇ ಇದೆ.

ಇದರ ಜೊತೆಗೇ ಬರುವ ಇನ್ನೊಂದು ತೊಂದರೆಗೆ ಪದ ಹುಡುಕುವಾಗ ನಿಜವಾದ ಇಕ್ಕಟ್ಟು ಎದುರಾಯಿತು. ಟಿವಿ ಒಂದು ಚಿತ್ರವನ್ನು ಮೇಲಿನಿಂದ ಕೆಳಗೆ ಬರೆಯುತ್ತಾ ಇರುವಾಗಲೇ ಕನ್ಸೋಲ್ ಮುಂದಿನ ಚಿತ್ರ ಕಳಿಸಿದರೆ, ಮೇಲಿನ ಅರ್ಧದಲ್ಲಿ ಹಳೆಯದು, ಕೆಳಗಿನ ಅರ್ಧದಲ್ಲಿ ಹೊಸದು ಕಾಣುತ್ತದೆ. ನಡುವೆ ಅಡ್ಡಗೆರೆ. ಕಂಬ ಇದ್ದರೆ ಎರಡು ತುಂಡಾಗಿ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ‘ಚಿತ್ರ ಹರಿಯುತ್ತದೆ’ ಅಂತ ಬರೆದು ಮತ್ತೆ ಓದಿದೆ. ಬಟ್ಟೆಯೂ ಹರಿಯುತ್ತದೆ, ಮಲಪ್ರಭೆಯೂ ಹರಿಯುತ್ತದೆ. “ಈ ಟಿವಿಯಲ್ಲಿ ಆಟ ಹರಿಯುತ್ತದೆ” ಅಂದರೆ ಹೊಗಳಿಕೆಯೋ ದೂರೋ? ಸರಾಗ ಅಂತ ಒಬ್ಬರು ತಿಳಿದರೆ, ತುಂಡು ಅಂತ ಇನ್ನೊಬ್ಬರು ತಿಳಿಯುತ್ತಾರೆ. ಅದೂ ಒಂದೇ ಪುಟದಲ್ಲಿ ಎರಡೂ ಅರ್ಥ ಬೇಕಾಗುವ ಜಾಗ. ಅದಕ್ಕೆ ‘ಸೀಳು’ ಹಿಡಿದೆ. ಪರದೆ ಸೀಳುತ್ತದೆ, ಸೀಳುಗೆರೆ ಬೀಳುತ್ತದೆ. ನಾಮಪದವಾಗಿಯೂ ಕ್ರಿಯಾಪದವಾಗಿಯೂ ನಡೆಯುತ್ತದೆ. ‘ಹರಿ’ಯನ್ನು ಸರಾಗದ ಅರ್ಥಕ್ಕೇ ಬಿಟ್ಟುಕೊಟ್ಟೆ.

ಈ ಸೀಳನ್ನು ತಪ್ಪಿಸಲು, ಅಟಕನ್ನು ತಗ್ಗಿಸಲು ಇರುವ ಮದ್ದು ವಿಆರ್‌ಆರ್. ಕನ್ಸೋಲ್ ಚಿತ್ರ ಕೊಟ್ಟಾಗ ಟಿವಿ ತೋರಿಸುತ್ತದೆ, ತನ್ನ ಪಾಡಿಗೆ ಗಡಿಯಾರ ನೋಡಿ ಓಡುವುದಿಲ್ಲ. ಪಿಎಸ್5ಗೆ (ಪ್ಲೇಸ್ಟೇಷನ್ 5) ಇದು ಬಂದದ್ದು 2022ರ ಏಪ್ರಿಲ್‌ನಲ್ಲಿ, ಸಾಫ್ಟ್‌ವೇರ್ ಅಪ್‌ಡೇಟಿನಲ್ಲಿ. ಅದರಲ್ಲಿ ಸೆಕೆಂಡಿಗೆ 48ರಿಂದ 120 ಚಿತ್ರಗಳ ನಡುವೆ ಕೆಲಸ ಮಾಡುತ್ತದೆ. ಎಕ್ಸ್‌ಬಾಕ್ಸಿನಲ್ಲಿ ಮೊದಲೇ ಇತ್ತು. ವಿಆರ್‌ಆರ್ ಅನ್ನುವುದನ್ನು ಹಾಗೇ ಬಿಡುತ್ತೇನೆ. ಟಿವಿಯ ಮೆನುವಿನಲ್ಲಿ VRR ಅನ್ನುವ ಆ ಮೂರು ಅಕ್ಷರಗಳನ್ನೇ ಹುಡುಕಬೇಕು, ಬೇರೆ ಹೆಸರು ಕೊಟ್ಟರೆ ಓದಿದವರಿಗೆ ತೊಂದರೆ. ಗೇಮ್ ಮೋಡನ್ನೂ ಇದೇ ಕಾರಣಕ್ಕೆ ಹಾಗೇ ಬಿಟ್ಟೆ.

ನಾಲ್ಕನೆಯದಕ್ಕೆ ‘ನೆಟ್ ತಡ’ ಸಾಕು. ಆ ಹೊತ್ತಿನ ಅಳತೆಗೆ ‘ಪಿಂಗ್’ ಅನ್ನೋ ಪದ ಹುಡುಗರಿಗೆ ಗೊತ್ತೇ ಇದೆ.

ಇನ್ನು ರೆಸಲ್ಯೂಶನ್, ಅಂದರೆ ಪರದೆಯಲ್ಲಿ ಎಷ್ಟು ಚುಕ್ಕಿ ಅನ್ನುವುದು. ‘ಉನ್ನತ ನಿರ್ಣಯದ ದೂರದರ್ಶನ’ ಅನ್ನುವಂಥ ಸಾಲು ಕಣ್ಣಿಗೆ ಬಿದ್ದಿದೆ. ನಮ್ಮ ಕಡೆ ರೆಸಲ್ಯೂಶನ್ ಅಂದರೆ ಪಂಚಾಯ್ತಿಯ ಠರಾವು, ಆ ದಾರಿಯಲ್ಲಿ ಹೋದ ಅನುವಾದ ಅದು. ಅದನ್ನು ಬಿಡೋಣ. ‘ಪೃಥಕ್ಕರಣ’ ಅಂತ ಬರೆಯುವವರಿದ್ದಾರೆ, ಓದುವ ಹುಡುಗರಿಗೆ ಅದು ದೂರ. ಎಲ್ಲರೂ ಬಳಸುವುದು ‘ಸ್ಪಷ್ಟತೆ’. ನನ್ನ ತಕರಾರು ಇದರ ಮೇಲೆ. 4ಕೆ ಟಿವಿಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಫುಲ್ ಎಚ್‌ಡಿಯಲ್ಲಿ 1920, 1080. ಅಂದರೆ ಸರಿಯಾಗಿ ನಾಲ್ಕು ಪಟ್ಟು. ಅದು ಎಣಿಕೆ. ಸ್ಪಷ್ಟ ಕಾಣುವುದು ಬೇರೆ ಮಾತು. ಕಪ್ಪು ಬೂದಿ ಬಣ್ಣಕ್ಕೆ ತಿರುಗಿದ, ಬೆಳಕು ಸಾಲದ 4ಕೆ ಟಿವಿ, ಒಳ್ಳೆಯ ಫುಲ್ ಎಚ್‌ಡಿ ಟಿವಿಗಿಂತ ಮಂಕಾಗಿ ಕಾಣಬಹುದು. 55 ಇಂಚಿನ ಟಿವಿಯನ್ನು ಹತ್ತು ಅಡಿ ದೂರ ಕೂತು ನೋಡಿದರೆ ನಾಲ್ಕು ಪಟ್ಟು ಚುಕ್ಕಿಯ ಲಾಭ ಬಹಳಷ್ಟು ಕಣ್ಣಿಗೆ ಸಿಗುವುದೇ ಇಲ್ಲ. ಐದು ಅಡಿಗೆ ಬಂದರೆ ಸಿಗುತ್ತದೆ. ಹಾಗಾಗಿ ‘ಚುಕ್ಕಿ ಎಣಿಕೆ’ ಅನ್ನೋಣ. ‘ಹೆಚ್ಚು ಚುಕ್ಕಿಯ ಟಿವಿ’ ಅಂದಾಗ ಯಾರೂ ಅದನ್ನು ‘ಒಳ್ಳೆಯ ಟಿವಿ’ ಅಂತ ತಿಳಿಯುವುದಿಲ್ಲ. ‘ಸ್ಪಷ್ಟತೆ ಹೆಚ್ಚು’ ಅಂದಾಗ ತಿಳಿದುಬಿಡುತ್ತಾರೆ. ಅಂದ ಹಾಗೆ, 1080 ಅನ್ನುವುದು ಸಾಲುಗಳ ಲೆಕ್ಕ, 4ಕೆ ಅನ್ನುವುದು ಅಡ್ಡ ಚುಕ್ಕಿಗಳ ಲೆಕ್ಕ, 3840 ನಾಲ್ಕು ಸಾವಿರಕ್ಕೆ ಹತ್ತಿರ ಅಂತ. ಅಳತೆಯ ದಿಕ್ಕೇ ಬದಲಾಗಿದೆ. ಇದನ್ನೂ ಬರಹದಲ್ಲಿ ಹೇಳಲೇಬೇಕು.

‘ಬೆಂಬಲಿಸುತ್ತದೆ’ ಅನ್ನುವ ಕ್ರಿಯಾಪದದ ಬಗ್ಗೆಯೂ ಒಂದು ಮಾತು. “4ಕೆ 120 ಹರ್ಟ್ಜ್ ಬೆಂಬಲಿಸುತ್ತದೆ.” ಏನು ಮಾಡುತ್ತದೆ ಅಂತ ಅರ್ಥ? ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡೂ ಸೆಕೆಂಡಿಗೆ 120 ಚಿತ್ರ ಕೊಡಬಲ್ಲವು. ಅದು 4ಕೆಯಲ್ಲಿ ಪೂರ್ತಿ ಬರಬೇಕಾದರೆ ಟಿವಿಗೆ, ಕನ್ಸೋಲಿನ ತಂತಿ ಚುಚ್ಚುವ ಪೋರ್ಟಿನಲ್ಲಿ, ಎಚ್‌ಡಿಎಂಐ 2.1 ಬೇಕು. ಹಳೆಯ 2.0ರಲ್ಲಿ ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ ಸಾಗುತ್ತದೆ, ಅದರಲ್ಲಿ 4ಕೆ 60ರ ತನಕ ಹೋಗುತ್ತದೆ. 2.1ರಲ್ಲಿ 48 ಗಿಗಾಬಿಟ್ ತನಕ. ಆದರೆ 2.1 ಅಂತ ಬರೆದ ಮಾತ್ರಕ್ಕೆ 120 ಬರುತ್ತದೆ ಅಂತಲ್ಲ. ಅದರೊಳಗಿನ ಹಲವು ಸೌಲಭ್ಯಗಳನ್ನು ಕೊಡುವುದು ಬಿಡುವುದು ತಯಾರಕರ ಇಷ್ಟ. ಕೆಲವು ಟಿವಿಗಳ ಪರದೆಯೇ 60ರದು. ಕೆಲವದರಲ್ಲಿ ನಾಲ್ಕು ಪೋರ್ಟಿನಲ್ಲಿ ಎರಡಕ್ಕೆ ಮಾತ್ರ 120ರ ಶಕ್ತಿ. ಪೋರ್ಟ್ ಸರಿ ಇದ್ದರೂ ಟಿವಿಯ ಸೆಟ್ಟಿಂಗಿನಲ್ಲಿ ಅದನ್ನು ತೆರೆಯಬೇಕಾಗುತ್ತದೆ. ಇಷ್ಟೆಲ್ಲ ಇರುವಾಗ ‘ಬೆಂಬಲಿಸುತ್ತದೆ’ ಅನ್ನುವುದು ಏನನ್ನೂ ಹೇಳುವುದಿಲ್ಲ. ‘ತಗೊಳ್ಳುತ್ತದೆ’, ‘ತೋರಿಸುತ್ತದೆ’ ಅಂತ ಎರಡಾಗಿ ಬರೆಯುವುದು ನನಗೆ ಸರಿ ಕಾಣುತ್ತದೆ. ಅಂಗಡಿಯಲ್ಲಿ ಕೇಳುವವರೂ ಹೀಗೇ ಕೇಳಲಿ: “ಯಾವ ಪೋರ್ಟಿನ್ಯಾಗ 4ಕೆ 120 ತೋರಸತೈತ್ರಿ?”

ಕೊನೆಗೆ ಓಲೆಡ್‌ನ ಬರ್ನ್‌-ಇನ್. ಆಟದ ಅಂಕ, ನಕ್ಷೆ, ಜೀವದ ಪಟ್ಟಿ ಒಂದೇ ಜಾಗದಲ್ಲಿ ಸಾವಿರಾರು ಗಂಟೆ ನಿಂತರೆ ಅದರ ಗುರುತು ಉಳಿದುಬಿಡಬಹುದು. ‘ಸುಡುವಿಕೆ’ ಅಂತ ಬರೆದರೆ ಟಿವಿ ಬಿಸಿಯಾಗಿ ಸುಡುತ್ತದೆ ಅಂತ ಮನೆಯವರು ಹೆದರುತ್ತಾರೆ. ನಿಜದಲ್ಲಿ ಆಗುವುದು ಏನು? ಹೆಚ್ಚು ಬೆಳಗಿದ ಚುಕ್ಕಿಗಳು ಉಳಿದವಕ್ಕಿಂತ ಬೇಗ ಸವೆಯುತ್ತವೆ, ಅಲ್ಲಿ ಬೆಳಕು ಕುಂದುತ್ತದೆ. ಮೆಟ್ಟು ಹಿಮ್ಮಡಿಯ ಕಡೆ ಮೊದಲು ಸವೆಯುವ ಹಾಗೆ. ಅದಕ್ಕೆ ‘ಸವೆತ’ ಅನ್ನುವುದೇ ಸರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಸ್ವಲ್ಪ ಹೊತ್ತು ಉಳಿದು ಮಾಯವಾಗುವ ಗುರುತಿಗೆ ಬೇರೆ ಪದ ಬೇಕು, ಅದು ಸವೆತ ಅಲ್ಲ. ‘ಅಚ್ಚು’ ಆಗಬಹುದೇ?

ಹಾಗಾದರೆ ನಾನು ಕೇಳುತ್ತಿರುವುದು ಇಷ್ಟು. ‘ಕೈತಡ’ ನಿಮ್ಮ ಊರಿನಲ್ಲಿ ತಪ್ಪು ಅರ್ಥ ಕೊಡುತ್ತದೆಯೇ? ‘ಅಟಕು’ ತುಂಗಭದ್ರೆಯ ದಕ್ಷಿಣಕ್ಕೆ ನಡೆಯುತ್ತದೆಯೇ? ಬೆಳಗಾವಿಯ ಗೆಳೆಯರು ಖಡೇಬಜಾರಿನ ಕಡೆ ಹೋದಾಗ ಟಿವಿ ಅಂಗಡಿಯವರು ಬಾಲ, ಸೀಳು ಇವಕ್ಕೆ ಮರಾಠಿ ಕನ್ನಡ ಬೆರೆಸಿ ಏನನ್ನುತ್ತಾರೆ ಅಂತ ಕೇಳಿ ತಿಳಿಸಿದರೆ ದೊಡ್ಡ ಉಪಕಾರ. ವಿಜಯಪುರದವರೂ ಬರೆಯಿರಿ. ರಿಪೇರಿ ಮಾಡುವವರ ಮಾತು ಸಿಕ್ಕರೆ ಇನ್ನೂ ಒಳ್ಳೆಯದು, ಅವರು ದಿನವೂ ಇದನ್ನು ಹೆಸರಿಟ್ಟು ಕರೆಯಲೇಬೇಕು. ನಿಮ್ಮ ಉತ್ತರ ನೋಡಿಕೊಂಡು ಬರಹ ತಿದ್ದುತ್ತೇನೆ.

— ನವನಗರ, ಬಾಗಲಕೋಟೆ