ಓಲ್ಡ್ ಗೋವಾದ ಸೇ ಕೆಥೆಡ್ರಲ್‌ಗೆ ಒಂದೇ ಗೋಪುರ ಯಾಕೆ?

ಬೆಣ್ಣೆದೋಸೆ_ದಾವಣಗೆರೆ:
ಹೋದ್ವಾರ ಮನೆಮಂದಿ ಎಲ್ಲಾ ಗೋವಾಕ್ಕೆ ಹೋಗಿದ್ವಿ, ಬೀಚ್ ಸಾಕಾಯ್ತು ಅಂತ ಒಂದಿನ ಓಲ್ಡ್ ಗೋವಾ ನೋಡಾಕ್ ಹೋದ್ರೆ ಸೇ ಕೆಥೆಡ್ರಲ್ ಮುಂದೆ ನಿಂತು ನನ್ ಮಗಳು ಕೇಳಿದ್ಲು, ಅಪ್ಪಾ ಈ ಕಡೆ ಗೋಪುರ ಐತಿ ಆ ಕಡೆ ಯಾಕಿಲ್ಲ ಅಂತ. ನಂಗೂ ಗೊತ್ತಾಗ್ಲಿಲ್ಲ. ಇನ್ನೊಂದು, ರಸ್ತೆ ಆಚೆ ಇರೋ ಬಾಮ್ ಜೀಸಸ್ ಚರ್ಚ್ ಕೆಂಪಗೈತಿ, ಇದು ಬೆಳ್ಳಗೈತಿ. ಕಲ್ಲೇ ಬೇರೆನಾ? ಗೊತ್ತಿದ್ದೋರು ಹೇಳ್ರಿ.

ದುರ್ಗದ_ಹುಡ್ಗ:
ಮೊದ್ಲು ಎರಡಿತ್ತು ಸರ್. ಎದುರು ನಿಂತಾಗ ಬಲಗಡೆ ಬರೋದು 1776ರಲ್ಲಿ ಬಿದ್ದೋಯ್ತು, ಮತ್ತೆ ಕಟ್ಟಲೇ ಇಲ್ಲ. ಕಟ್ಸೋರೇ ಇರ್ಲಿಲ್ಲ ಅನ್ಸುತ್ತೆ ನಂಗೆ, ಯಾಕಂದ್ರೆ ಅಷ್ಟೊತ್ತಿಗೆ ಕಾಯಿಲೆ ಕಸಾಲೆಗೆ ಹೆದ್ರಿ ಜನ ಊರು ಖಾಲಿ ಮಾಡ್ತಿದ್ರು, ಗೋವಾ ಆಳ್ತಿದ್ದ ಪೋರ್ಚುಗೀಸರ ವೈಸ್‌ರಾಯೇ 1759ರಲ್ಲಿ ಪಣಜಿ ಕಡೆ ಮನೆ ಬದಲಾಯಿಸ್ಬಿಟ್ಟಿದ್ದ. 1562ರಲ್ಲಿ ಶುರು ಮಾಡಿ 1619ರಲ್ಲಿ ಕಟ್ಟಡ ಮುಗಿಸಿ, ಒಳಗಿನ ಆಲ್ಟರ್‌ಗಳು, ಅಂದ್ರೆ ಪೂಜೆ ಪೀಠಗಳು, ಪೂರ್ತಿ ಆಗೋಷ್ಟ್ರಲ್ಲಿ 1652 ಆಗಿತ್ತು, ಅಷ್ಟು ಕಷ್ಟಪಟ್ಟು ಕಟ್ಟಿದ್ದು ನೋಡಿ. ಉಳಿದಿರೋ ಗೋಪುರದಲ್ಲಿ ದೊಡ್ಡ ಗಂಟೆ ಐತೆ, ಚಿನ್ನದ ಗಂಟೆ ಅಂತಾರೆ. ಅದ್ರ ನಾದಕ್ಕೆ ಆ ಹೆಸ್ರು.

ಗಾರೆಕೆಲ್ಸ:
ಕಲ್ಲು ಎರಡಕ್ಕೂ ಒಂದೇ ಕಣ್ರಿ, ಕರಾವಳಿ ಕಡೆ ಮುರಕಲ್ಲು ಅಂತಾರಲ್ಲ, ಅದು. ನೆಲದಿಂದ ತೆಗೆದಾಗ ಮೆತ್ತಗಿರುತ್ತೆ, ಇಟ್ಟಿಗೆ ಥರ ಕಡಿಬೋದು, ಗಾಳಿಗೆ ಬಿಟ್ರೆ ಗಟ್ಟಿ ಆಗುತ್ತೆ. ಆದ್ರೆ ಮೈತುಂಬ ತೂತು, ಗೋವಾದ ಮಳೇಲಿ ನೀರು ಕುಡೀತಾನೇ ಇರುತ್ತೆ, ಅದಕ್ಕೇ ಮೇಲೆ ಸುಣ್ಣದ ಗಾರೆ. ಬಾಮ್ ಜೀಸಸ್‌ಗೂ ಗಾರೆ ಇತ್ತು, 1950ರ ದಶಕದಲ್ಲಿ ಕಿತ್ತಾಕಿದ್ರು. ಹಳೇ ಕಲ್ಲು ಕಾಣ್ಲಿ ಅಂತ ಆಸೆಪಟ್ಟು ಗೋಡೆಗೆ ಕೊಡೆ ಇಲ್ದಂಗೆ ಮಾಡಿದ್ರು, ನನ್ ಪ್ರಕಾರ ಅದು ದೊಡ್ಡ ತಪ್ಪು. ನಮ್ ದುರ್ಗದ ಕೋಟೆ ಗ್ರಾನೈಟ್, ಬರಿಮೈಲೇ ನಿಂತಿದೆ ಅಂತ ಎಲ್ಲಾ ಕಲ್ಲನ್ನೂ ಹಂಗೆ ಬಿಡೋಕಾಗಲ್ಲ.

ಬೆಣ್ಣೆದೋಸೆ_ದಾವಣಗೆರೆ:
ಓ ಅದಕ್ಕೇನಾ! ಮಗಳು ಆ ಕೆಂಪು ಗೋಡೆಗೆ ಕೈ ಒತ್ತಿದ್ಲು, ಅಂಗೈಗೆಲ್ಲ ಕೆಂಪು ಪುಡಿ, ಕಲ್ಲಿನ ತೂತಿನಾಗೆ ಪಾಚಿ ಬೇರೆ ಇತ್ತು. ಸೇ ಒಳಗೆ ಬಂಗಾರದ ಬಣ್ಣದ ಆಲ್ಟರ್‌ನಾಗೆ ಒಬ್ಬ ಹೆಣ್ಮಗಳ ಕಥೆ ಕೆತ್ತ್ಯಾರಲ್ಲ, ಅದ್ ಯಾರದ್ದು?

ದುರ್ಗದ_ಹುಡ್ಗ:
ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನ್ ಸರ್. ನಂಬಿಕೆ ಬಿಡಲ್ಲ ಅಂದಿದ್ದಕ್ಕೆ ಮೊಳೆ ಹೊಡೆದ ಚಕ್ರಕ್ಕೆ ಹಾಕಿ ಕೊಲ್ಲೋಕೆ ಹೋದ್ರಂತೆ, ಚಕ್ರನೇ ಮುರೀತಂತೆ, ಆಮೇಲೆ ತಲೆ ಕಡಿದ್ರು ಅಂತ ಕಥೆ. ಅವಳ ಹಬ್ಬ ನವೆಂಬರ್ 25. 1510ರಲ್ಲಿ ಅದೇ ದಿನ ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ ಗೋವಾ ಕಿತ್ಕೊಂಡ, ಹಂಗಾಗಿ ಕೆಥೆಡ್ರಲ್‌ಗೆ ಅವಳ ಹೆಸ್ರು.