‘ಸಿಗ್ನಲ್ ಉಲ್ಲಂಘನೆ’ಗೆ ಬೇರೆ ಪದ ಇದೆಯೇ?

ನಿಲ್ಲಬೇಕಾದ ಸಿಗ್ನಲ್ ದಾಟಿ ರೈಲು ಮುಂದೆ ಹೋದರೆ ರೈಲ್ವೆಯವರು ಅದನ್ನು ‘ಸ್ಪ್ಯಾಡ್’ ಅನ್ನುತ್ತಾರೆ. ‘ಸಿಗ್ನಲ್ ಪಾಸ್ಡ್ ಅಟ್ ಡೇಂಜರ್’ ಎಂಬುದರ ಮೊದಲಕ್ಷರಗಳು. ಕನ್ನಡದಲ್ಲಿ ಇದನ್ನು ‘ಸಿಗ್ನಲ್ ಉಲ್ಲಂಘನೆ’ ಎಂದು ಬರೆಯುತ್ತೇವೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

ಉಲ್ಲಂಘನೆ ಅಂದ ಕೂಡಲೇ ತಪ್ಪು ಮಾಡಿದವರು ಯಾರು ಅಂತ ಹುಡುಕುತ್ತೇವೆ. ಕಾನೂನು ಉಲ್ಲಂಘನೆ, ಆದೇಶ ಉಲ್ಲಂಘನೆ, ಎಲ್ಲ ಕಡೆ ಅದೇ ಅಲ್ವಾ? ಸ್ಪ್ಯಾಡ್‌ನಲ್ಲಿ ಆ ತೀರ್ಪು ಇಲ್ಲ. ರೈಲು ದಾಟಿತು, ಅಷ್ಟೇ. ಚಾಲಕರಿಗೆ ನಿದ್ದೆ ಹತ್ತಿರಬಹುದು. ಒದ್ದೆ ಹಳಿಯ ಮೇಲೆ ಚಕ್ರ ಜಾರಿರಬಹುದು. ರೈಲು ತೀರಾ ಹತ್ತಿರ ಬಂದ ಮೇಲೆ ಸಿಗ್ನಲ್ ಕೆಂಪಾಗಿರಬಹುದು.

1995ರ ಜೂನ್‌ನಲ್ಲಿ ನ್ಯೂಯಾರ್ಕ್ ಸಬ್‌ವೇಯ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಆದದ್ದು ನೋಡಿ. ಅಲ್ಲಿ ಹಳಿಯ ಪಕ್ಕ ಒಂದು ಕಬ್ಬಿಣದ ತೋಳು ಇರುತ್ತದೆ. ಸಿಗ್ನಲ್ ಕೆಂಪಿದ್ದಾಗ ಅದು ಮೇಲೆದ್ದು ನಿಲ್ಲುತ್ತದೆ. ರೈಲು ದಾಟಿದರೆ ಅದರ ತಳದಲ್ಲಿರುವ ಬ್ರೇಕ್ ಕೀಲಿಗೆ ತೋಳು ಬಡಿಯುತ್ತದೆ, ತುರ್ತು ಬ್ರೇಕ್ ತಾನಾಗಿ ಬೀಳುತ್ತದೆ. ಅವತ್ತು ಚಾಲಕರು ಕೆಂಪು ದಾಟಿದರು, ಬ್ರೇಕೂ ಬಿತ್ತು. ಆದರೂ ರೈಲು ಹೋಗಿ ಮುಂದೆ ನಿಂತಿದ್ದ ರೈಲಿಗೆ ಗುದ್ದಿತು, ಚಾಲಕರು ತೀರಿಕೊಂಡರು. ಆ ಸಿಗ್ನಲ್‌ಗಳ ನಡುವಿನ ಅಂತರ 1918ರ ಕಾಲದ್ದು. ಆಗಿನ ರೈಲುಗಳು ಗಿಡ್ಡ, ಹಗುರ, ವೇಗವೂ ಕಡಿಮೆ. ಈಗಿನ ರೈಲು ನಿಲ್ಲಲು ಆ ಜಾಗ ಸಾಲಲಿಲ್ಲ. ಇದನ್ನು ಸುಮ್ನೆ ‘ಉಲ್ಲಂಘನೆ’ ಎಂದು ಬರೆದರೆ ಸತ್ತ ಚಾಲಕರ ಮೇಲೆ ಎಲ್ಲವೂ ಬೀಳುತ್ತದೆ. ಅಂತರದ ವಿಷಯ ಯಾರಿಗೂ ಕಾಣುವುದಿಲ್ಲ.

‘ಮೀರು’ ಹಾಕೋಣ ಅಂದರೆ ಅದರಲ್ಲೂ ಮಾತು ಮೀರಿದ ವಾಸನೆ. ‘ದಾಟು’ ವಾಸಿ. ಹೊಳೆ ದಾಟಿದವರನ್ನು ಯಾರೂ ಬೈಯುವುದಿಲ್ಲ. ಹಾಗಾಗಿ ‘ಕೆಂಪುದಾಟು’ ಅಂತ ಯೋಚಿಸಿದೆ. ‘ಈ ಮಾರ್ಗದಲ್ಲಿ ಕೆಂಪುದಾಟುಗಳು ಜಾಸ್ತಿ’ ಎಂದು ಬರೆದರೆ ಕಿವಿಗೆ ಒಗ್ಗುತ್ತದೆಯೇ?

ಎರಡು ತೊಡಕು ಉಳಿದಿವೆ. ಸಿಗ್ನಲ್ ಕೆಟ್ಟು ಕೆಂಪಲ್ಲೇ ನಿಂತಾಗ, ಕಂಟ್ರೋಲ್ ರೂಮಿನಿಂದ ಅನುಮತಿ ಪಡೆದು ನಿಧಾನವಾಗಿ ದಾಟುವುದುಂಟು. ಅದು ಸ್ಪ್ಯಾಡ್ ಅಲ್ಲ, ಆದರೆ ‘ಕೆಂಪುದಾಟು’ ಅದನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಇನ್ನು ಹೊಸ ಮೆಟ್ರೊಗಳಲ್ಲಿ ಎಷ್ಟು ದೂರ ಹೋಗಬಹುದು ಎಂಬ ಮಿತಿ ರೇಡಿಯೋ ಮೂಲಕ ನೇರ ರೈಲಿಗೇ ಬರುತ್ತದೆ. ಹಳಿ ಪಕ್ಕದ ಕೆಂಪು ದೀಪ ಹಲವು ಕಡೆ ಇರುವುದೇ ಇಲ್ಲ. ಅಲ್ಲಿ ‘ಮಿತಿದಾಟು’ ಅನ್ನಬೇಕೇನೋ.

ಗಾಡಿಯೋ ದೋಣಿಯೋ ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಹೋದರೆ, ಬೈಗುಳದ ದನಿ ಇಲ್ಲದೆ ಅದನ್ನು ಹೇಳುವ ಮಾತು ನಿಮ್ಮ ಕಡೆ ಇದ್ದರೆ ದಯವಿಟ್ಟು ತಿಳಿಸಿ.